ಮನೆ ಕಟ್ಟುವ ಮುನ್ನ



ಶತಮಾನೋತ್ಸವದ ಸಭೆಯಲ್ಲಿ ಗುರುಗಳು ಪುರಸಭೆಯ ಕಟ್ಟಡ ಪರವಾನಗಿಯ ವಿಷಯವನ್ನೆತ್ತಿಕೊಂಡರಲ್ಲ ಎಂದು ನಿಮಗೆ ಆಶ್ಚರ್ಯವಾಗಬಹುದು. ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳದೆ ಈ ಮಾತನ್ನು ಆರಂಭಿಸಲಾರೆ.

ನಾನು ಇಲ್ಲಿಗೆ ಬಂದ ಎರಡನೆಯ ವರ್ಷ ಸಭಾಭವನದ ಗೋಡೆಗೆ ತಾಗಿದಂತೆ ಒಂದು ಉಗ್ರಾಣದ ಕೋಣೆಯನ್ನು ಕಟ್ಟಿಸಿದೆ. ನಕ್ಷೆಯೂ ಇರಲಿಲ್ಲ, ಪರವಾನಗಿಯೂ ಇರಲಿಲ್ಲ. "ದೇವಾಲಯದ ಕೆಲಸಕ್ಕೆ ಯಾರು ಕೇಳುತ್ತಾರೆ, ಸ್ವಾಮಿ?" ಎಂದ ಮೇಸ್ತ್ರಿಯ ಮಾತು ನನಗೆ ಹಿತವಾಗಿಯೇ ಕೇಳಿಸಿತು. ಮಳೆಗಾಲದಲ್ಲಿ ಆ ಕೋಣೆಯ ಮಾಡಿನ ನೀರೆಲ್ಲ ನೆರೆಮನೆಯ ವಿಧವೆ ತಾಯಿಯೊಬ್ಬರ ಅಡಿಗೆಮನೆಯ ಗೋಡೆಗೆ ಬಿದ್ದು, ಮಣ್ಣಿನ ಗೋಡೆ ಉಬ್ಬಿ ಬಿರುಕು ಬಿಟ್ಟಿತು. ಗುರುಗಳ ಮೇಲೆ ದೂರುವುದು ಹೇಗೆಂದು ಆಕೆ ಸುಮ್ಮನಿದ್ದರು. ಪುರಸಭೆಯ ನೋಟೀಸು ಬಂದ ಮೇಲೆಯೇ ನನಗೆ ಹೋಗಿ ನೋಡುವ ಬುದ್ಧಿ ಬಂದಿತು. ದೊಡ್ಡವರಿಂದ ಒಂದು ಮಾತು ಹೇಳಿಸೋಣವೆಂದು ಕೆಲವರು ಸಲಹೆಯಿತ್ತರು. ಆ ಗೋಡೆಯನ್ನು ಕಂಡ ಮೇಲೆ ನನಗೆ ಮನಸ್ಸು ಬರಲಿಲ್ಲ, ಕೋಣೆಯನ್ನು ಕೆಡವಿಸಿದೆವು.

ಕಟ್ಟುವ ಮೊದಲು ನಕ್ಷೆ ಸಲ್ಲಿಸಿ ಅನುಮತಿ ಪಡೆಯಬೇಕೆಂಬುದು 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮದ ವಿಧಿ. ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್ ಜಾಗವನ್ನು ಹಾಳು ಜಾಗವೆಂದು ನಾವು ಭಾವಿಸುತ್ತೇವೆ. ಗಾಳಿ, ಬೆಳಕು, ಮಳೆನೀರು ಸಾಗುವುದು ಅಲ್ಲಿಯೇ. ಬೆಂಕಿ ಬಿದ್ದ ದಿನ ಜನ ಓಡುವುದೂ ಅಲ್ಲಿಯೇ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ ಹುಲ್ಲು ಮಾಡಿಗೆ ಬೆಂಕಿ ಹತ್ತಿ, ಹೊರಬರುವ ದಾರಿ ಇಕ್ಕಟ್ಟಾಗಿ, 94 ಮಕ್ಕಳು ಪ್ರಾಣ ತೆತ್ತರು. ಮಾಳಿಗೆಯಿಂದ ಯಾರೂ ಬೀಳದಂತೆ ಸುತ್ತುಗೋಡೆ ಕಟ್ಟಬೇಕೆಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯವೇ ವಿಧಿಸಿದೆ. ಹೀಗಿರಲು ಇದು ಬರಿಯ ಕಚೇರಿಯ ಕಾಟವೆನ್ನಲು ನನಗೆ ನಾಲಿಗೆ ಬಾರದು.

"ಈಗ ಕಟ್ಟೋಣ, ಮುಂದೆ ಸಕ್ರಮವಾದೀತು" ಎನ್ನುವವರು ನಮ್ಮಲ್ಲಿ ಅನೇಕರು. ರಾಜ್ಯ ಸರ್ಕಾರದ ಅಕ್ರಮ-ಸಕ್ರಮ ಯೋಜನೆ 2013ರ ಅಕ್ಟೋಬರ್ 19ಕ್ಕೆ ಮುಂಚಿನ ಕಟ್ಟಡಗಳಿಗೆ ಮಾತ್ರ ರೂಪಿಸಿದ್ದು. ಅದಕ್ಕೂ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆ ನೀಡಿತು. ಅದೇ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ, ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ತೋರಿಸಿದ ಬಳಿಕವೇ ವಿದ್ಯುತ್ತು, ನೀರಿನ ಸಂಪರ್ಕ ಕೊಡತಕ್ಕದ್ದೆಂದು ಆದೇಶಿಸಿತು. ಸಾಲ ಮಾಡಿ ಕಟ್ಟಿದ ಮನೆಯಲ್ಲಿ ದೀಪವೇ ಹತ್ತದಿದ್ದರೆ ಯಾರಿಗೆ ಹೇಳಿಕೊಳ್ಳುವುದು?

ಉಳ್ಳವರ ಮೂರನೆಯ ಮಹಡಿ ಕಾಣದ ಕಣ್ಣಿಗೆ ಬಡವರ ತಗಡಿನ ಚಪ್ಪರ ಮಾತ್ರ ಕಾಣುತ್ತದೆಂಬ ನಿಮ್ಮ ಸಂಕಟ ಸುಳ್ಳಲ್ಲ. ಆದರೆ ನೋಟೀಸು ಬಂದೊಡನೆ ಹೆದರಿ ದಲ್ಲಾಳಿಯ ಬಾಗಿಲಿಗೆ ಓಡಬೇಡಿ. ಕೆಡವುವ ಮೊದಲು ಕನಿಷ್ಠ 15 ದಿನಗಳ ನೋಟೀಸು ಕೊಟ್ಟು ಅಹವಾಲು ಕೇಳಬೇಕೆಂದು 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ರಸ್ತೆ, ಕಾಲುದಾರಿಗಳಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಈ ರಕ್ಷಣೆ ಇಲ್ಲ. ಉತ್ತರವನ್ನು ಬರೆದು ಕೊಡಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಆ ತಾಯಿಯ ಗೋಡೆಯನ್ನು ಧರ್ಮಕೇಂದ್ರದ ಖರ್ಚಿನಲ್ಲಿ ಕಟ್ಟಿಸಿಕೊಟ್ಟೆವು. ಉಗ್ರಾಣಕ್ಕೆ ಹೊಸ ನಕ್ಷೆ ಸಲ್ಲಿಸಿದ್ದೇವೆ. ಅದು ಮೂರಡಿ ಚಿಕ್ಕದಾಗಿದೆ, ಹಬ್ಬದ ಕುರ್ಚಿಗಳೆಲ್ಲ ಹಿಡಿಸಲಾರವು. ನಮ್ಮ ಯುವಕರಲ್ಲಿ ಇಬ್ಬರು ಎಂಜಿನಿಯರುಗಳು ಭಾನುವಾರ ಎರಡನೆಯ ಪೂಜೆಯ ಬಳಿಕ ಸಭಾಭವನದಲ್ಲಿ ಕುಳಿತು, ಶುಲ್ಕವಿಲ್ಲದೆ ನಿಮ್ಮ ಕಾಗದಪತ್ರ ನೋಡಿಕೊಡಲು ಒಪ್ಪಿದ್ದಾರೆ. ಬರುವಾಗ ಖಾತೆಯ ನಕಲು, ಕ್ರಯಪತ್ರ ಮತ್ತು ಕಂದಾಯದ ರಸೀದಿಯನ್ನು ತನ್ನಿ.