ಕುರೊಸಾವಾ ಅವರ ‘ಬೀದಿನಾಯಿ’

ಪತ್ತೇದಾರಿ ಕಥೆಯೆಂದರೆ ಒಗಟು ಬಿಡಿಸುವ ಆಟವೆಂಬುದು ರೂಢಿಯ ಭಾವನೆ. ಕೊಲೆ ನಡೆಯುತ್ತದೆ, ಸುಳಿವು ಸಿಗುತ್ತದೆ, ಅಪರಾಧಿ ಸೆರೆಯಾಗುತ್ತಾನೆ. ನಾವು ನೆಮ್ಮದಿಯಿಂದ ದೀಪವಾರಿಸಿ ಮಲಗುತ್ತೇವೆ. ಅಕಿರಾ ಕುರೊಸಾವಾ 1949ರಲ್ಲಿ ನಿರ್ದೇಶಿಸಿದ ‘ನೋರಾ ಇನು’, ಎಂದರೆ ‘ಬೀದಿನಾಯಿ’, ಆ ನೆಮ್ಮದಿಯನ್ನು ಕೊಡಲೊಪ್ಪದ ಚಿತ್ರ.

ಜಪಾನು ಯುದ್ಧದಲ್ಲಿ ಸೋತು ನಾಲ್ಕು ವರ್ಷಗಳಾಗಿದ್ದವು. ಅಮೆರಿಕನ್ನರ ಸೇನಾಡಳಿತ ಇನ್ನೂ ಕೊನೆಗೊಂಡಿರಲಿಲ್ಲ. ಬೇಸಗೆಯ ಧಗೆಯಲ್ಲಿ, ಕಿಕ್ಕಿರಿದ ಬಸ್ಸೊಂದರಲ್ಲಿ, ಮುರಕಾಮಿ ಎಂಬ ತರುಣ ಪತ್ತೇದಾರನ ಪಿಸ್ತೂಲು ಕಳುವಾಗುತ್ತದೆ. ಅದರಲ್ಲಿ ಏಳು ಗುಂಡುಗಳಿವೆ. ಹರಕು ಸೈನಿಕವೇಷ ತೊಟ್ಟು ಅವನು ಟೋಕಿಯೋದ ಕಾಳಸಂತೆಗಳಲ್ಲಿ ಅಲೆಯುತ್ತಾನೆ. ಅಲ್ಲಿ ಅಕ್ಕಿಯ ಪಡಿತರ ಚೀಟಿಯನ್ನು ಒತ್ತೆಯಿಟ್ಟವನಿಗೆ ಪಿಸ್ತೂಲು ಬಾಡಿಗೆಗೆ ದೊರೆಯುತ್ತದೆ. ಅನ್ನವನ್ನು ಅಡವಿಟ್ಟು ಆಯುಧವನ್ನು ಪಡೆಯುವ ಕಾಲದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾದ ಅಗತ್ಯವಿಲ್ಲ.

ಪಿಸ್ತೂಲು ಕೊನೆಗೆ ಸೇರುವುದು ಯುಸಾ ಎಂಬುವನ ಕೈಯನ್ನು. ಅದರಿಂದ ಒಬ್ಬಾಕೆ ಗಾಯಗೊಳ್ಳುತ್ತಾಳೆ, ಇನ್ನೊಬ್ಬಾಕೆ ಸಾಯುತ್ತಾಳೆ. ಅವನೂ ಮುರಕಾಮಿಯಂತೆ ಯುದ್ಧದಿಂದ ಮರಳಿದ ಸೈನಿಕನೇ. ಊರಿಗೆ ಹಿಂದಿರುಗುವಾಗ ಇಬ್ಬರ ಗಂಟುಮೂಟೆಯನ್ನೂ ಕಳ್ಳರು ಕದ್ದಿದ್ದರು. ನಷ್ಟ ಒಂದೇ, ಸಿಟ್ಟೂ ಒಂದೇ. ಆ ಕವಲಿನಲ್ಲಿ ನಿಂತು ಒಬ್ಬನು ಪೊಲೀಸನಾದ, ಮತ್ತೊಬ್ಬನು ದರೋಡೆಗಾರನಾದ.

ಹಾಗಾದರೆ ತಪ್ಪು ಕಾಲದ್ದೇ, ಮನುಷ್ಯನದೇ? ಹಿರಿಯ ಪತ್ತೇದಾರ ಸಾತೋಗೆ ಈ ಜಿಜ್ಞಾಸೆ ಬೇಡ. ಗುಂಡಿಗೆ ಬಲಿಯಾದವರನ್ನು ನೆನೆದರೆ ಸಾಕು ಅವನಿಗೆ. ಮುರಕಾಮಿಗೆ ಅದು ಸಾಲದು. ಕಾಲವನ್ನೇ ದೂಷಿಸಿದರೆ ತಾನು ಆಯ್ದ ದಾರಿಗೆ ಅರ್ಥವಿಲ್ಲ. ಮನುಷ್ಯನನ್ನೇ ದೂಷಿಸಿದರೆ ತನ್ನ ಎದೆಯಲ್ಲಿ ಅಂದು ಎದ್ದ ಸಿಟ್ಟನ್ನು ಮರೆತಂತೆ. ಚಿತ್ರದ ಹಿರಿಮೆಯಿರುವುದು ಎರಡನ್ನೂ ಕೈಬಿಡದಿರುವುದರಲ್ಲಿ.

ಕೊನೆಯ ಹೋರಾಟದಲ್ಲಿ ಇಬ್ಬರೂ ಕೆಸರಿನಲ್ಲಿ ಹೊರಳುತ್ತಾರೆ. ಯಾರು ಪೊಲೀಸ್, ಯಾರು ಕಳ್ಳ ಎಂದು ಗುರುತು ಸಿಗದಷ್ಟು ಮೈಯೆಲ್ಲ ಕೆಸರು. ಯುಸಾನ ಕೈಗೆ ಬೇಡಿ ಬೀಳುತ್ತದೆ. ಪಕ್ಕದ ಹಾದಿಯಲ್ಲಿ ಮಕ್ಕಳು ಹಾಡುತ್ತ ಸಾಗುತ್ತಾರೆ. ಆ ಹಾಡನ್ನು ಕೇಳಿ ಯುಸಾ ಬಿಕ್ಕಿ ಬಿಕ್ಕಿ ಅಳುತ್ತಾನೆ. ಗೆದ್ದವನ ಮುಖದಲ್ಲಿ ಗೆಲುವಿಲ್ಲ.

ಕಾಲ ಕಳೆದಂತೆ ಯುಸಾನನ್ನು ಮರೆಯುವೆ ಎಂದು ಆಸ್ಪತ್ರೆಯ ಹಾಸಿಗೆಯಿಂದ ಸಾತೋ ಸಮಾಧಾನ ಹೇಳುತ್ತಾನೆ. ಅದು ಅನುಭವಿಯ ಮಾತು, ಸುಳ್ಳಾಗಲಾರದು. ಆದರೆ ಹೊಲದಂಚಿನಲ್ಲಿ ಎದ್ದ ಆ ಅಳು, ಚಿತ್ರ ಮುಗಿದ ಮೇಲೂ ನೋಡಿದವರ ಕಿವಿಯಲ್ಲಿ ಉಳಿದುಬಿಡುತ್ತದೆ. ಅಪರಾಧಿ ಸಿಕ್ಕಿದ್ದಾನೆ, ಅಪರಾಧ ಎಲ್ಲಿ ಹುಟ್ಟಿತೆಂಬ ಪತ್ತೆ ಮಾತ್ರ ನಮ್ಮ ಪಾಲಿಗೆ ಬಿಟ್ಟದ್ದು.