ಒಂದೇ ಕಿಟಕಿಯಲ್ಲಿ ಎರಡು ಟಿಕೆಟ್ಟು
(ಕಲಬುರಗಿಯಲ್ಲಿ ಮಾಡಿದ ಉಪನ್ಯಾಸದ ಪಾಠ)



ಈ ಸಭೆಗೆ ನಾನು ಸೂಪರ್ ಮಾರ್ಕೆಟ್ಟಿನಿಂದ ನಡೆದು ಬಂದೆ. ಅಲ್ಲಿ ಸಿಟಿ ಬಸ್ಸು ನಿಲ್ಲುವ ಕಡೆ ಕೈಚೀಲ ಹಿಡಿದಿದ್ದ ಒಬ್ಬ ತಾಯಿ ಪಕ್ಕದ ಹುಡುಗನಿಗೆ, 'ಯಪ್ಪಾ, ಸ್ಟೇಷನ್ನಿಗಿ ಬಸ್ಸು ಯಾವಾಗ ಅದ, ಫೋನಿನ್ಯಾಗ ನೋಡಪಾ' ಎಂದರು. ಹುಡುಗ ನೋಡಿದ. ಆಟೊ ಎಷ್ಟು ನಿಮಿಷಕ್ಕೆ ಬರುತ್ತದೆ, ಎಷ್ಟು ದುಡ್ಡು ಎಂಬುದೆಲ್ಲ ಅದರಲ್ಲಿತ್ತು. ಬಸ್ಸಿನ ಸುದ್ದಿ ಇರಲಿಲ್ಲ.

ನಾನು ಇಂದು ಮಾತನಾಡಬೇಕೆಂದಿರುವುದು ಇದರ ಬಗ್ಗೆಯೇ. ಬಾಡಿಗೆ ವಾಹನ ಕರೆಸುವ ಆ್ಯಪುಗಳು ಈಗ ರೈಲಿನ ಟಿಕೆಟ್ಟನ್ನೂ ಮಾರತೊಡಗಿವೆ. ಬೆಂಗಳೂರಿನ 'ನಮ್ಮ ಮೆಟ್ರೊ' 2022ರ ನವೆಂಬರಿನಲ್ಲಿ ಮೊಬೈಲಿನ ಕ್ಯೂಆರ್ ಟಿಕೆಟ್ ತಂದಿತು. 2025ರ ಜುಲೈನಲ್ಲಿ ಓಎನ್‌ಡಿಸಿ ಎಂಬ ಮುಕ್ತ ಡಿಜಿಟಲ್ ಜಾಲದ ಮೂಲಕ ರಾಪಿಡೊ, ನಮ್ಮ ಯಾತ್ರಿ ಮುಂತಾದ ಆ್ಯಪುಗಳಲ್ಲೂ ಅದು ದೊರೆಯುವಂತಾಯಿತು. ಅದೇ ವರ್ಷ ದೆಹಲಿ ಮೆಟ್ರೊದ ಟಿಕೆಟ್ಟು ಊಬರಿನೊಳಗೆ ಬಂತು. ಅಮೆರಿಕದ ಡೆನ್ವರ್ ನಗರದಲ್ಲಿ ಊಬರ್ 2019ರಲ್ಲೇ ಬಸ್ಸು, ರೈಲುಗಳ ಟಿಕೆಟ್ ಮಾರಿತ್ತು. 2022ರಲ್ಲಿ ಬ್ರಿಟನ್ನಿನ ರೈಲು ಟಿಕೆಟ್ಟಿಗೂ ಕೈಹಾಕಿತು.

ರೈಲಿಗೂ ರಸ್ತೆಗೂ ಒಂದೇ ಕಿಟಕಿ ಎಂಬ ವಿಚಾರ ನಮ್ಮ ಭಾಗಕ್ಕೆ ಹೊಸದೇನೂ ಅಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ 1932ರಲ್ಲಿ ನಿಜಾಮರ ರೈಲ್ವೆಯೇ ಬಸ್ಸು ಓಡಿಸಲು ಆರಂಭಿಸಿತು. 27 ಬಸ್ಸು, 166 ಮಂದಿ ನೌಕರರು, ಆರಂಭ ಇಷ್ಟೇ. ರೈಲಿನವರೇ ಬಸ್ಸಿನವರಾದ ಕಾರಣ ಇದು ಅದರ ಗಿರಾಕಿಯನ್ನು ಕಸಿಯುವ ಪ್ರಶ್ನೆ ಇರಲಿಲ್ಲ. ಲಾಭವೋ ನಷ್ಟವೋ, ಎರಡೂ ಒಂದೇ ಲೆಕ್ಕದ ಪುಸ್ತಕಕ್ಕೆ ಸೇರುತ್ತಿದ್ದವು. 1951ರಲ್ಲಿ ಬಸ್ಸು ರೈಲಿನಿಂದ ಬೇರೆಯಾಯಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 2000ದಲ್ಲಿ ಕಲಬುರಗಿಯನ್ನೇ ಕೇಂದ್ರವಾಗಿಟ್ಟುಕೊಂಡು, ಈಗ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ಎಂದು ಕರೆಯುವ ನಿಗಮ ಹುಟ್ಟಿತು. ಅಂದು ಕಿಟಕಿಯ ಒಳಗೆ ಕೂತವನು ರೈಲಿನ ನೌಕರ. ಇಂದು ಕಿಟಕಿಯೇ ಬೇರೆಯವರದು. ವ್ಯತ್ಯಾಸ ಅಲ್ಲಿದೆ.

ಕಿಟಕಿ ಯಾರದಾದರೇನು, ಸಾಲಿನಲ್ಲಿ ನಿಲ್ಲುವುದು ತಪ್ಪಿತಲ್ಲ ಎನ್ನಬಹುದು. ತಪ್ಪಿದ್ದು ನಿಜ. ಮೆಟ್ರೊ ಇಳಿದವನಿಗೆ ಮನೆಯ ತನಕ ಆಟೊ ಅದೇ ಫೋನಿನಲ್ಲಿ ಸಿಕ್ಕರೆ ಆತ ಸ್ಕೂಟರನ್ನು ಮನೆಯಲ್ಲೇ ಬಿಟ್ಟಾನು. ಈ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅಂಗಡಿಯವನು ಯಾವ ಸರಕನ್ನು ಮುಂದಿನ ಸಾಲಿನಲ್ಲಿ ಜೋಡಿಸುತ್ತಾನೆ? ಹೆಚ್ಚು ಲಾಭ ಕೊಡುವುದನ್ನೇ. 2019ರಲ್ಲಿ ಷೇರು ಮಾರಲು ಹೊರಟಾಗ ಊಬರ್ ಸಲ್ಲಿಸಿದ ದಾಖಲೆಯಲ್ಲಿ, ಜನ ಸಾರ್ವಜನಿಕ ಸಾರಿಗೆಯಲ್ಲಿ ಕ್ರಮಿಸುವ ದೂರವನ್ನೂ ತನಗೆ ದಕ್ಕಬಹುದಾದ ಮಾರುಕಟ್ಟೆಯ ಲೆಕ್ಕಕ್ಕೆ ಸೇರಿಸಿಕೊಂಡಿತ್ತು. ಟಿಕೆಟ್ ಮಾರುವವನು ಹಾಗೆಂದುಕೊಂಡರೆ ನಾವು ಎಚ್ಚರವಿರುವುದು ಒಳ್ಳೆಯದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2010 ಮತ್ತು 2016ರ ನಡುವೆ ವಾಹನಗಳು ದಟ್ಟಣೆಯಲ್ಲಿ ಕಳೆದ ಹೊತ್ತು ಶೇ. 62ರಷ್ಟು ಏರಿತು, ಈ ಆ್ಯಪುಗಳು ಇರದಿದ್ದರೆ ಶೇ. 22 ಮಾತ್ರ ಏರುತ್ತಿತ್ತೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ಆ ದಟ್ಟಣೆಯಲ್ಲಿ ಸಿಕ್ಕಿಕೊಳ್ಳುವುದು ಬಸ್ಸೂ ಹೌದು.

ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಕಂಡಕ್ಟರ್ ಕೊಡುವುದು ಶೂನ್ಯ ಟಿಕೆಟ್ಟು. ಕಮಲಾಪುರದಿಂದ ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತು ಬರುವ ಹೆಂಗಸಿಗೆ ಅದು ದಿನದ ಗಳಿಕೆಯನ್ನು ಉಳಿಸಿಕೊಡುವ ಚೀಟಿ. ಮಾರಾಟದ ಮೇಲೆ ಬದುಕುವ ಆ್ಯಪಿಗೆ ಸೊನ್ನೆ ರೂಪಾಯಿಯ ಟಿಕೆಟ್ಟಿನಿಂದ ಏನು ಹುಟ್ಟೀತು? ಸೂಪರ್ ಮಾರ್ಕೆಟ್ಟಿನ ಹುಡುಗನ ಫೋನಿನಲ್ಲಿ ಬಸ್ಸು ಕಾಣದಿದ್ದುದಕ್ಕೆ ಯಾರೊಬ್ಬರ ದುರುದ್ದೇಶವೂ ಬೇಕಿಲ್ಲ. ಅದನ್ನು ತೋರಿಸುವುದರಿಂದ ಯಾರಿಗೂ ಏನೂ ಗಿಟ್ಟುವುದಿಲ್ಲ, ಅಷ್ಟೇ.

ಕಲಬುರಗಿಗೆ ಮೆಟ್ರೊ ಇಲ್ಲ, ನಮಗೇಕೆ ಈ ಚಿಂತೆ ಎಂದು ಕೆಲವರು ನಗುತ್ತಿರಬಹುದು. 2017ರ ಅಕ್ಟೋಬರ್ 29ರಂದು ಉದ್ಘಾಟನೆಗೊಂಡ ಬೀದರ್ ಮಾರ್ಗ ಕಮಲಾಪುರದ ಮೇಲೆಯೇ ಹಾದುಹೋಗಿದೆ. ಕಾಯ್ದಿರಿಸದ ರೈಲು ಟಿಕೆಟ್ಟು ರೈಲ್ವೆಯ ಸ್ವಂತ ಆ್ಯಪಿನಲ್ಲೇ ಸಿಗುತ್ತದೆ. ಅದನ್ನು ಬೇರೆ ಕಿಟಕಿಗಳಿಗೂ ಕೊಡುವ ದಿನ ಬಂದರೆ, ಕರಾರಿನಲ್ಲಿ ಎರಡು ಸಾಲು ಸೇರಿಸುವಂತೆ ಈಗಲೇ ಕೇಳಬೇಕು. ಟಿಕೆಟ್ ಮಾರುವ ಆ್ಯಪು ಸರ್ಕಾರಿ ಬಸ್ಸಿನ ವೇಳೆಯನ್ನು ಆಟೊಗಿಂತ ಮೊದಲು, ಶೂನ್ಯ ಟಿಕೆಟ್ಟಿನ ಸಂಗತಿಯೊಂದಿಗೆ ತೋರಿಸತಕ್ಕದ್ದು. ಯಾವ ಊರಿನಿಂದ ಎಷ್ಟು ಹೊತ್ತಿಗೆ ಎಷ್ಟು ಜನ ಹೊರಡುತ್ತಾರೆಂಬ ಲೆಕ್ಕವನ್ನು, ಹೆಸರು ಬಿಟ್ಟು, ಬಸ್ಸಿನ ನಿಗಮಕ್ಕೆ ಒಪ್ಪಿಸತಕ್ಕದ್ದು. ಸಂಜೆ ಕಮಲಾಪುರಕ್ಕೆ ಇನ್ನೊಂದು ಬಸ್ಸು ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವ ಅಧಿಕಾರಿಯ ಮೇಜಿನ ಮೇಲೆ ಇರಬೇಕಾದ ಲೆಕ್ಕ ಅದು.