ಉಪ್ಪಿನ ಪೊಟ್ಟಣದ ಮೇಲೊಂದು ತಾರೀಖು

ಗಣೇಶಗುಡಿಯ ಸೂಪಾ ಅಣೆಕಟ್ಟನ್ನು ನೋಡಿದ್ದೀರಾ? ಜೋಯಿಡಾ ತಾಲೂಕಿನಲ್ಲಿ ಕಾಳಿ ನದಿಗೆ ಅಡ್ಡಲಾಗಿ ಕಟ್ಟಿದ್ದು, ಎತ್ತರ 101 ಮೀಟರ್. ಹಳೆಯ ಸೂಪಾ ಊರು ಆ ನೀರಿನಡಿಯೇ ಮುಳುಗಿದೆ. ಹಿರಿಯರು ಜೋಯಿಡಾವನ್ನು ಸೂಪಾ ತಾಲೂಕು ಎನ್ನುವುದು ಅದಕ್ಕೇ. ಆ ಗೋಡೆ ಮೇಲ್ಗಡೆ ತೆಳ್ಳಗೆ, ಬುಡದಲ್ಲಿ ಭಾರೀ ದಪ್ಪ. ನೀರು ಆಳವಾದಷ್ಟೂ ಗೋಡೆಯನ್ನು ಒತ್ತುವ ಬಲ ಹೆಚ್ಚುತ್ತದೆ. ಹಾಗಾಗಿ ಒತ್ತಡ ಎಷ್ಟು ಎಂದು ಯಾರಾದರೂ ಕೇಳಿದರೆ 'ಇಷ್ಟು ಎತ್ತರದ ನೀರಿನಷ್ಟು' ಎಂದು ಉತ್ತರಿಸಬಹುದು.

ನಮ್ಮ ಮೈಯೊಳಗೆ ಹರಿಯುವ ರಕ್ತವೂ ರಕ್ತನಾಳದ ಗೋಡೆಯನ್ನು ಒತ್ತುತ್ತಲೇ ಇರುತ್ತದೆ. ಆ ಒತ್ತಡದ ಎತ್ತರ ಎಷ್ಟಿರಬಹುದು? ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಅವರಿಗೆ ಈ ಪ್ರಶ್ನೆ ಬಂತು. ಅವರು ಒಂದು ಹೆಣ್ಣು ಕುದುರೆಯನ್ನು ಮಲಗಿಸಿ, ಅದರ ರಕ್ತನಾಳಕ್ಕೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿದರು. ರಕ್ತ ಕೊಳವೆಯಲ್ಲಿ 8 ಅಡಿ 3 ಇಂಚು ಮೇಲೇರಿತು. 1733ರಲ್ಲಿ ಇದನ್ನು ಪುಸ್ತಕದಲ್ಲಿ ಬರೆದರು. ಪಾಪ, ಕುದುರೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ!

ಮನುಷ್ಯರ ಮೇಲೆ ಹೀಗೆ ಮಾಡಲಾದೀತೇ? ಅದಕ್ಕೊಂದು ಉಪಾಯ 1896ರಲ್ಲಿ ಸಿಕ್ಕಿತು. ಇಟಲಿಯ ವೈದ್ಯ ರೀವಾ-ರೊಚ್ಚಿ ತೋಳಿಗೆ ಗಾಳಿ ತುಂಬುವ ಪಟ್ಟಿ ಸುತ್ತಿ, ಅದನ್ನು ಪಾದರಸದ ಕೊಳವೆಗೆ ಜೋಡಿಸಿದರು. 1905ರಲ್ಲಿ ರಷ್ಯಾದ ವೈದ್ಯ ಕೊರೊಟ್ಕಾಫ್ ಆ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಕಿವಿಗೊಟ್ಟರು. ಪಟ್ಟಿ ಬಿಗಿಯಾದಾಗ ರಕ್ತ ನಿಂತು ಎಲ್ಲ ನಿಶ್ಶಬ್ದ. ಗಾಳಿ ಬಿಡುತ್ತ ಹೋದಂತೆ ರಕ್ತ ನುಗ್ಗಿ 'ಟಕ್ ಟಕ್' ಸದ್ದು ಶುರುವಾಗುತ್ತದೆ, ಅದು ಮೇಲಿನ ಅಂಕಿ. ಇನ್ನಷ್ಟು ಗಾಳಿ ಬಿಟ್ಟಾಗ ಸದ್ದು ಮಾಯವಾಗುತ್ತದೆ, ಅದು ಕೆಳಗಿನ ಅಂಕಿ. ಮೇಲಿನದು ಹೃದಯ ಹಿಂಡಿಕೊಂಡಾಗಿನ ಒತ್ತಡ, ಕೆಳಗಿನದು ಹೃದಯ ಸಡಿಲಗೊಂಡಾಗಿನದು. ಅಜ್ಜಿಯ ಚೀಟಿಯಲ್ಲಿ ಡಾಕ್ಟರು 120/80 ಎಂದು ಬರೆಯುತ್ತಾರಲ್ಲ, ಅದೇ ಇದು. 120 ಎಂದರೆ 120 ಮಿಲಿಮೀಟರ್ ಎತ್ತರದ ಪಾದರಸ.

ಈಗ ನೀವೊಂದು ಗುಣಾಕಾರ ಮಾಡಿ. ಪಾದರಸ ನೀರಿಗಿಂತ 13.6 ಪಟ್ಟು ತೂಕ. 120ನ್ನು 13.6ರಿಂದ ಗುಣಿಸಿದರೆ 1632 ಮಿಲಿಮೀಟರ್, ಅಂದರೆ ಒಂದೂ ಮುಕ್ಕಾಲು ಮೀಟರಿಗಿಂತ ತುಸು ಕಡಿಮೆ. ಹೆಚ್ಚುಕಡಿಮೆ ನಿಮ್ಮ ಟೀಚರಷ್ಟು ಎತ್ತರಕ್ಕೆ ನೀರು ಚಿಮ್ಮಿಸುವ ಬಲ ಮುಷ್ಟಿ ಗಾತ್ರದ ಹೃದಯಕ್ಕಿದೆ. ಅದೂ ದಿನಕ್ಕೆ ಸುಮಾರು 1 ಲಕ್ಷ ಸಲ!

ಓಡಿದಾಗ, ಹೆದರಿದಾಗ, ಪರೀಕ್ಷೆಯ ಹಾಲ್‌ಗೆ ಕಾಲಿಟ್ಟಾಗ ಈ ಅಂಕಿ ಏರುವುದು ಸಹಜ. ಆಸ್ಪತ್ರೆಯ ಬಿಳಿ ಕೋಟು ಕಂಡರೇ ಏರುವವರೂ ಇದ್ದಾರೆ. ಅದಕ್ಕೇ ಅಳೆಯುವ ಮುಂಚೆ ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನಿಗೆ ಆಸರೆ ಇರಬೇಕು, ಪಾದ ನೆಲಕ್ಕೆ ತಾಗಿರಬೇಕು, ಮಾತಾಡಬಾರದು. ಆಗಷ್ಟೇ ಚಹಾ ಕುಡಿದಿರಬಾರದು. ಹೀಗೆ ಬೇರೆ ಬೇರೆ ದಿನ ಅಳೆದಾಗಲೂ ದೊಡ್ಡವರಲ್ಲಿ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಅಧಿಕ ರಕ್ತದೊತ್ತಡ. ಮಕ್ಕಳ ಲೆಕ್ಕ ಬೇರೆ, ವಯಸ್ಸಿಗೂ ಎತ್ತರಕ್ಕೂ ತಕ್ಕಂತೆ ಅದನ್ನು ವೈದ್ಯರು ನೋಡುತ್ತಾರೆ.

ಜ್ವರ ಬಂದರೆ ಮೈ ಬಿಸಿಯಾಗುತ್ತದೆ, ಹಲ್ಲು ಹುಳುಕಾದರೆ ನೋಯುತ್ತದೆ. ಬಿಪಿ, ಅಂದರೆ ರಕ್ತದೊತ್ತಡ, ಏರಿದರೆ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ. ಅಜ್ಜ ಗದ್ದೆಗೆ ಹೋಗುತ್ತಾರೆ, ಕವಳ ಹಾಕುತ್ತಾರೆ, 'ನಂಗೆಂತದೂ ಆಗಿಲ್ಲ ಮಾರಾಯ' ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ, ಅವರಿಗೆ ನಿಜವಾಗಿಯೂ ಗೊತ್ತಾಗುತ್ತಿಲ್ಲ. ಒಳಗೆ ಮಾತ್ರ ವರ್ಷಗಟ್ಟಲೆ ರಕ್ತನಾಳದ ಗೋಡೆ ಗಡುಸಾಗುತ್ತ, ಹೃದಯದ ಸ್ನಾಯು ದಪ್ಪಗಾಗುತ್ತ, ಕಿಡ್ನಿಯ ಸಣ್ಣ ಸೋಸುಕಗಳು ಸವೆಯುತ್ತ ಹೋಗುತ್ತವೆ. ಮಿದುಳಿನ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಲಕ್ವ ಹೊಡೆಯುತ್ತದೆ. ನನ್ನ ಮಟ್ಟಿಗೆ ಬಿಪಿಯ ವಿಷಯದಲ್ಲಿ ಹೆದರಬೇಕಾದ್ದು ಈ ಸದ್ದಿಲ್ಲದ ಗುಣಕ್ಕೇ. ತಲೆನೋವು ಬಂದಾಗ ಮಾತ್ರ ಅಳೆಸಿಕೊಳ್ಳುತ್ತೇನೆ ಎನ್ನುವವರಿಗೆ ಅದು ಎಂದೂ ಸಿಗದೇ ಹೋಗಬಹುದು.

ಇದಕ್ಕೆ ಮದ್ದು ಹುಡುಕಿದ ಕಥೆಯಲ್ಲಿ ನಮ್ಮ ಪಶ್ಚಿಮಘಟ್ಟದ ಕಾಡಿನ ಒಂದು ಗಿಡವೂ ಇದೆ, ಹೆಸರು ಸರ್ಪಗಂಧ. ಚಿಕ್ಕ ಗಿಡ, ಕೆಂಪು ತೊಟ್ಟಿನ ಬಿಳಿ ಹೂಗೊಂಚಲು. ಮುಂಬೈಯ ವೈದ್ಯ ರುಸ್ತುಂ ಜಾಲ್ ವಕೀಲ್ ಇದರ ಬೇರನ್ನು ಬಿಪಿ ರೋಗಿಗಳಿಗೆ ಕೊಟ್ಟು ಪರಿಣಾಮ ಬರೆದಿಟ್ಟರು. 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಅವರ ಲೇಖನ ಬಂದಾಗ ಜಗತ್ತೇ ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿಗಳು ಆ ಬೇರಿನಿಂದ ರೆಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಆಮೇಲೆ ಕಾಡಿನಲ್ಲಿ ಈ ಗಿಡವನ್ನು ಎಷ್ಟು ಕಿತ್ತರೆಂದರೆ, ಈಗ ಅದರ ವ್ಯಾಪಾರಕ್ಕೆ ಅಂತಾರಾಷ್ಟ್ರೀಯ ನಿರ್ಬಂಧವಿದೆ. ಬೇರಿನ ಪ್ರಮಾಣ ಹೆಚ್ಚಾದರೆ ಮನಸ್ಸು ಕುಗ್ಗುತ್ತದೆ, ಬಿಪಿ ವಿಪರೀತ ಇಳಿಯುತ್ತದೆ. ಇಂದು ಅದಕ್ಕಿಂತ ಒಳ್ಳೆಯ ಗುಳಿಗೆಗಳಿವೆ, ಸರಕಾರಿ ಆಸ್ಪತ್ರೆಯಲ್ಲೂ ಸಿಗುತ್ತವೆ. ಹಾಗಾಗಿ ಕಾಡಿಗೆ ಹೋಗಿ ಬೇರು ಕೀಳುವ ಸಾಹಸ ಬೇಡ. 'ಅಂಕಿ ಸರಿ ಬಂತು, ಇನ್ನು ಗುಳಿಗೆ ಯಾಕೆ' ಎಂದು ಅಜ್ಜಿ ಕೇಳಿದರೆ, ಗುಳಿಗೆ ತಿಂದದ್ದಕ್ಕೇ ಸರಿ ಬಂದಿದೆ ಎಂದು ನೆನಪಿಸಿ. ಕಡಿಮೆ ಮಾಡುವುದೋ ಬಿಡುವುದೋ ಡಾಕ್ಟರ ನಿರ್ಧಾರ.

ಗುಳಿಗೆ ಕೊಡುವಾಗಲೇ ಡಾಕ್ಟರು ಇನ್ನೊಂದು ಮಾತನ್ನೂ ಹೇಳಿರುತ್ತಾರೆ: ನಡೆಯಿರಿ, ತೂಕ ಇಳಿಸಿ, ತಂಬಾಕು, ಹೆಂಡ ಬಿಡಿ, ಉಪ್ಪು ಕಡಿಮೆ ಮಾಡಿ. ಮನೆಗೆ ಬರುವಷ್ಟರಲ್ಲಿ ಚೀಲದಲ್ಲಿ ಗುಳಿಗೆ ಮಾತ್ರ ಉಳಿದಿರುತ್ತದೆ!

ಹಳಿಯಾಳ ಕುಸ್ತಿಗೆ ಹೆಸರಾದ ಊರು. ಅಖಾಡದಲ್ಲಿ ಎದುರಾಳಿಯನ್ನು ಎತ್ತಿ ಹಾಕುವ ಕ್ಷಣದಲ್ಲಿ ಪೈಲ್ವಾನನ ಬಿಪಿ ಅಳೆದರೆ ನೀವು ಬೆಚ್ಚಿಬೀಳುತ್ತೀರಿ, ಅಷ್ಟು ಏರಿರುತ್ತದೆ. ಆದರೆ ವ್ಯಾಯಾಮ ಮುಗಿದು ಸುಧಾರಿಸಿಕೊಂಡ ಮೇಲೆ ಅದು ಮೊದಲಿಗಿಂತ ಕೆಳಗಿಳಿದು, ಗಂಟೆಗಟ್ಟಲೆ ಹಾಗೇ ಇರುತ್ತದೆ. ದಿನವೂ ಮೈ ದುಡಿಸಿದರೆ ರಕ್ತನಾಳಗಳು ಸಡಿಲಗೊಳ್ಳಲು ಕಲಿಯುತ್ತವೆ. ಬಿಪಿ ಇರುವ ಅಜ್ಜ ಭಾರ ಎತ್ತಬೇಕೆಂದಲ್ಲ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೂ ಸಾಕು. ಹಾಡಲಾಗಬಾರದು, ಆದರೆ ಮಾತಾಡಬಹುದು, ಅಷ್ಟು ವೇಗ. ಅಜ್ಜನ ಜೊತೆ ಮಾತಾಡುತ್ತ ಹೋಗಲು ಒಬ್ಬರು ಬೇಕಲ್ಲ, ಆ ಕೆಲಸ ನಿಮ್ಮದು. ನಿಮಗಾದರೋ ದಿನಕ್ಕೆ ಒಂದು ಗಂಟೆ ಆಟ ಬೇಕೇ ಬೇಕು. ಇದನ್ನು ಹೇಳಿದ್ದು ವಿಶ್ವ ಆರೋಗ್ಯ ಸಂಸ್ಥೆ, ಮನೆಯಲ್ಲಿ ಬೈದರೆ ಈ ಹೆಸರು ಹೇಳಿ. ಇನ್ನು ಅಜ್ಜನ ಕವಳದಲ್ಲಿ ತಂಬಾಕಿದ್ದರೆ ಅದರ ನಿಕೋಟಿನ್ ಪ್ರತಿ ಸಲವೂ ರಕ್ತನಾಳವನ್ನು ಬಿಗಿ ಮಾಡುತ್ತದೆ. ಇದು ಜಗಳವಾಡಿಯಾದರೂ ಬಿಡಿಸಬೇಕಾದ್ದು.

ಜೋಯಿಡಾದಲ್ಲಿ ಕುಣಬಿ ಜನರು ಬೆಳೆಯುವ ಗೆಡ್ಡೆಗೆಣಸುಗಳಿಗೆ ಮೇಳವೇ ನಡೆಯುತ್ತದೆ. ಮೊಣಕೈಯುದ್ದದ ಮುಡ್ಲಿ, ಕೆಸುವಿನ ಗೆಡ್ಡೆ, ಸುವರ್ಣಗಡ್ಡೆ, ಗೆಣಸು ರಾಶಿ ರಾಶಿ. ಬಿಪಿಗೂ ಗೆಡ್ಡೆಗೂ ಏನು ಸಂಬಂಧ ಅಂತೀರಾ? ಇವುಗಳಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ. ಉಪ್ಪಿನಲ್ಲಿರುವುದು ಸೋಡಿಯಂ. ಸೋಡಿಯಂ ಹೆಚ್ಚಾದರೆ ಮೈ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ರಕ್ತದ ಗಾತ್ರ ಹೆಚ್ಚಿ ಒತ್ತಡವೂ ಏರುತ್ತದೆ. ಪೊಟ್ಯಾಸಿಯಂ ಬಂದರೆ ಕಿಡ್ನಿ ಆ ಸೋಡಿಯಂ ಅನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ, ರಕ್ತನಾಳವೂ ಸಡಿಲವಾಗುತ್ತದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ಇದನ್ನು ಪರೀಕ್ಷಿಸಿದರು. ಅರ್ಧ ಹಳ್ಳಿಗಳಿಗೆ ಮಾಮೂಲಿ ಉಪ್ಪು, ಉಳಿದರ್ಧಕ್ಕೆ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು. 2021ರಲ್ಲಿ ಫಲಿತಾಂಶ ಬಂತು: ಬೆರಕೆ ಉಪ್ಪು ತಿಂದವರಲ್ಲಿ ಲಕ್ವ ಶೇಕಡಾ 14ರಷ್ಟು ಕಡಿಮೆ. ಕಿಡ್ನಿ ಕಾಯಿಲೆ ಇರುವವರು ಮಾತ್ರ ಪೊಟ್ಯಾಸಿಯಂ ವಿಷಯದಲ್ಲಿ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಗೆಡ್ಡೆ ಬೇಯಿಸಿದ ನೀರು ಚೆಲ್ಲಿದರೆ ಪೊಟ್ಯಾಸಿಯಂ ಒಂದಷ್ಟು ಅದರ ಜೊತೆಗೇ ಹೋಗುತ್ತದೆ. ಕೆಂಡದಲ್ಲಿ ಸುಟ್ಟ ಗೆಣಸು ಈ ಲೆಕ್ಕದಲ್ಲೂ ಮೇಲು, ರುಚಿಯ ಮಾತಂತೂ ಬಿಡಿ. ಅದನ್ನೇ ಎಣ್ಣೆಯಲ್ಲಿ ಕರಿದು ಉಪ್ಪು ಖಾರ ಉದುರಿಸಿದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ!

ಮುಂಡಗೋಡಿಗೆ ಬನ್ನಿ. ಅಲ್ಲಿ 1966ರಿಂದ ಟಿಬೆಟನ್ನರ ವಸತಿ ಇದೆ. ಅವರ ಸಾಂಪ್ರದಾಯಿಕ ಚಹಾಕ್ಕೆ ಸಕ್ಕರೆಯಲ್ಲ, ಬೆಣ್ಣೆ ಮತ್ತು ಉಪ್ಪು. ಮೈ ಕೊರೆಯುವ ಎತ್ತರದ ಪ್ರಸ್ಥಭೂಮಿಯಲ್ಲಿ ಹುಟ್ಟಿದ ಪಾನೀಯ ಅದು, ಅಲ್ಲಿನ ಚಳಿಗೆ ಬೆಣ್ಣೆ ಬೇಕಿತ್ತು. ಟಿಬೆಟ್ಟಿನಲ್ಲಿ ಅಧಿಕ ರಕ್ತದೊತ್ತಡ ವ್ಯಾಪಕವಾಗಿರುವುದಕ್ಕೆ ಸಂಶೋಧಕರು ಕೊಡುವ ಕಾರಣಗಳಲ್ಲಿ ಈ ಉಪ್ಪು ಚಹಾವೂ ಒಂದು. ಹಾಗಂತ ನಾವು ನಗುವ ಹಾಗಿಲ್ಲ. ಭರಣಿಯಲ್ಲಿ ಉಪ್ಪಿನ ರಾಶಿಯೊಳಗೆ ಮುಳುಗಿರುವ ಅಪ್ಪೆಮಿಡಿ ಯಾರದ್ದು? ದಾಂಡೇಲಿಯ ಸಂತೆಗೆ ಕರಾವಳಿಯಿಂದ ಹತ್ತಿ ಬರುವ ಒಣಮೀನು, ಹಪ್ಪಳ, ಸಂಡಿಗೆ, ಅಂಗಡಿಯ ಚಿಪ್ಸು? ಗೋಕರ್ಣದ ಪಕ್ಕದ ಸಾಣಿಕಟ್ಟದಲ್ಲಿ ಉಪ್ಪಿನ ಗದ್ದೆಗಳೇ ಇವೆ. ಉಪ್ಪು ನಮ್ಮ ಜಿಲ್ಲೆಯಲ್ಲೇ ಬೆಳೆಯುತ್ತದೆ, ಕೈ ಬಿಗಿಹಿಡಿದು ರೂಢಿಯೇ ಇಲ್ಲ.

ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚೆಗಿಂತ ಕಡಿಮೆ, ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳಿಗೆ ಇನ್ನೂ ಕಡಿಮೆ ಸಾಕು. ನಿಮ್ಮ ಮನೆಯಲ್ಲಿ ಎಷ್ಟು ಖರ್ಚಾಗುತ್ತದೆ? ಪತ್ತೆ ಮಾಡಲು ಪ್ರಯೋಗಾಲಯ ಬೇಡ. ಹೊಸ 1 ಕಿಲೋ ಉಪ್ಪಿನ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ, ಖಾಲಿಯಾದ ದಿನ ಮತ್ತೊಮ್ಮೆ. ಮನೆಯಲ್ಲಿ ನಾಲ್ಕು ಜನರಿದ್ದರೆ ದಿನಕ್ಕೆ 20 ಗ್ರಾಂ, ಅಂದರೆ ಪೊಟ್ಟಣ 50 ದಿನವಾದರೂ ಬರಬೇಕು. 30 ದಿನಕ್ಕೇ ಮುಗಿದರೆ ತಲೆಗೆ 8 ಗ್ರಾಂ ದಾಟಿತು. ಸಂತೆಯಿಂದ ತಂದ ಒಣಮೀನು, ಬೇಕರಿಯ ಖಾರ ಇದರಲ್ಲಿ ಸೇರಿಲ್ಲ ಎನ್ನುವುದನ್ನು ಮರೆಯಬೇಡಿ. ನೆಂಟರು ಬಂದುಹೋದರೆ ಅವರ ಊಟವನ್ನೂ ಲೆಕ್ಕಕ್ಕೆ ಹಿಡಿಯಿರಿ. ಉಪ್ಪಿನಕಾಯಿ ಹಾಕುವ ತಿಂಗಳಲ್ಲಿ ಮಾತ್ರ ಈ ಪ್ರಯೋಗ ಬೇಡ, ಉತ್ತರ ಕೆಟ್ಟುಹೋಗುತ್ತದೆ.

ಅಂಕಿ ಜಾಸ್ತಿ ಬಂತೆಂದು ಆಯಿಯ ಮೇಲೆ ಹಾರಾಡಬೇಡಿ, ತಾಟಿನ ಪಕ್ಕ ಉಪ್ಪು ಬಡಿಸಿಕೊಳ್ಳುವವರು ಯಾರು ಎಂದು ಮೊದಲು ನೋಡಿ. ಒಂದೇ ದಿನ ಸಪ್ಪೆ ಸಾರು ಮಾಡಿದರೆ ಯಾರೂ ಉಣ್ಣುವುದಿಲ್ಲ. ಪ್ರತಿ ವಾರ ಚಿಟಿಕೆ ಚಿಟಿಕೆಯೇ ಇಳಿಸುತ್ತ ಬಂದರೆ ಕೆಲವು ವಾರಗಳಲ್ಲಿ ನಾಲಿಗೆ ಅದಕ್ಕೆ ಒಗ್ಗಿಕೊಳ್ಳುತ್ತದೆ. ಮಜ್ಜಿಗೆಗೆ ಉಪ್ಪಿನ ಬದಲು ಲಿಂಬೆ, ಶುಂಠಿ, ಕೊತ್ತಂಬರಿ ಹಾಕಿ ನೋಡಿ. ಒಂದು ಪೊಟ್ಟಣ ಮುಗಿದು ಇನ್ನೊಂದು ಒಡೆಯುವಾಗ ಮತ್ತೆ ತಾರೀಖು ಬರೆಯಿರಿ. ಶಾಲೆಯಲ್ಲಿ ಎಲ್ಲರೂ ತಂತಮ್ಮ ಮನೆಯ ಅಂಕಿ ತಂದು ಫಲಕದ ಮೇಲೆ ಬರೆದರೆ, ಯಾರ ಮನೆಯ ಪೊಟ್ಟಣ ಹೆಚ್ಚು ದಿನ ಬಂತೆಂದು ಒಂದು ಪಂದ್ಯವನ್ನೇ ನಡೆಸಬಹುದು.